ನಿಧಾನಕ್ಕೆ ಊದೋರು ಯಾರಿದ್ದಾರೆ?

ಬನಶಂಕರಿ ಎರಡನೇ ಹಂತದ ಒಂದು ಕಲ್ಯಾಣ ಮಂಟಪ. ನಮ್ಮ ಟೀಮಿನ ಹುಡುಗನ ರಿಸೆಪ್ಶನ್. ಸ್ಟೇಜಿಗೆ ಹೋಗೋ ಕ್ಯೂ ಊಟದ ಹಾಲಿನ ಮೆಟ್ಟಿಲು ಮುಟ್ಟಿತ್ತು. ಸ್ಟೇಜಿನ ಎಡಕ್ಕೆ, ಹೂವಿನ ಕಮಾನಿನ ಪಕ್ಕ, ಕೋಟು ಹಾಕಿಕೊಂಡ ಒಬ್ಬರು ಸ್ಯಾಕ್ಸೋಫೋನ್ ಊದ್ತಾ ಇದ್ದರು. ಪಕ್ಕದಲ್ಲೊಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದಾದ ಮೇಲೊಂದು ಟ್ರ್ಯಾಕ್ ಹಾಕ್ತಿದ್ದ. ರಾಜನ್–ನಾಗೇಂದ್ರ, ಇಳಯರಾಜ, ಹಂಸಲೇಖ, ಮಧ್ಯೆ ಎರಡು ಹಿಂದಿ. ಎಲ್ಲಕ್ಕೂ ಒಂದೇ ವಾಲ್ಯೂಮು, ಒಂದೇ ಎಕೋ.

ಕ್ಯೂನಲ್ಲಿ ನಲವತ್ತು ನಿಮಿಷ ನಿಂತೆ, ಹಾಗಾಗಿ ಚೆನ್ನಾಗಿ ಕೇಳಿಸಿಕೊಂಡೆ. ಅವರ ಬೆರಳು ಬಹಳ ಚುರುಕು, ಶ್ರುತಿ ಎಲ್ಲೂ ತಪ್ಪಲಿಲ್ಲ. ಆದರೆ ಆ ನಲವತ್ತು ನಿಮಿಷದಲ್ಲಿ ಒಂದೇ ಒಂದು ಸ್ವರ ತನ್ನಷ್ಟಕ್ಕೆ ತಾನು ಸಣ್ಣಗಾಗಿ ಮುಗಿಯಲಿಲ್ಲ. ಎಲ್ಲವನ್ನೂ ಕತ್ತರಿ ಹಾಕಿದ ಹಾಗೆ ನಿಲ್ಲಿಸಿದರು. ಹಾಡುವವರು ಎಲ್ಲಿ ಉಸಿರು ತಗೊಂಡು ಸುಮ್ಮನಿರ್ತಾರೋ ಅಲ್ಲಿ ಇವರು ಹತ್ತು ಹನ್ನೆರಡು ಸ್ವರಗಳ ಒಂದು ಓಟ ತುಂಬಿಸಿಬಿಡ್ತಿದ್ದರು. ಅವರನ್ನು ಬೈಯೋಕೆ ಆಗಲ್ಲ ನೋಡಿ. ಹಾಲಿನಲ್ಲಿ ಮೌನ ಅನ್ನೋದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳೋದಕ್ಕೇ ಅವರಿಗೆ ದುಡ್ಡು ಕೊಟ್ಟಿರೋದು.

ನಾನು ಬಂಟ್ವಾಳ ಕಡೆಯವನು. ನಮ್ಮೂರಲ್ಲಿ ಸ್ಯಾಕ್ಸೋಫೋನ್ ಅಂದರೆ ದೇವಸ್ಥಾನದ ವಾದ್ಯ. ಮದುವೆಗೆ ಅದೇ, ಜಾತ್ರೆಗೆ ಅದೇ, ಭೂತದ ಕೋಲಕ್ಕೂ ಅದೇ. ಅದು ಬಾರಿನ ವಾದ್ಯ, ನೀಲಿ ಲೈಟಿನ ಕೆಳಗೆ ಊದೋದು ಅಂತ ಗೊತ್ತಾಗಿದ್ದು ಬಿಇ ಮಾಡುವಾಗ, ಇಂಗ್ಲಿಷ್ ಸಿನಿಮಾ ನೋಡಿ. ಹಾಸ್ಟೆಲ್ಲಿನಲ್ಲಿ ಒಬ್ಬ, 'ಸ್ಯಾಕ್ಸೋಫೋನ್ ಅಂದ್ರೆ ಸೆಕ್ಸಿ ವಾದ್ಯ ಮಗಾ' ಅಂದಿದ್ದ. ನನಗೆ ನೆನಪಾಗಿದ್ದು ಬೆಳಗ್ಗೆ ನಾಲ್ಕು ಗಂಟೆಗೆ ಗದ್ದೆಯಲ್ಲಿ ಹಾಕಿದ ಚಪ್ಪರ, ತೆಂಗಿನ ಗರಿಯ ವಾಸನೆ, ನಿದ್ದೆಗಣ್ಣಿನಲ್ಲಿ ಊದುತ್ತಿದ್ದ ಅಜ್ಜ. ಅಷ್ಟು ಹೊತ್ತಿಗೆ ಅವರಿಗೂ ಸುಸ್ತಾಗಿರುತ್ತಿತ್ತು, ಜೋರಾಗಿ ಊದೋಕೆ ಆಗುತ್ತಿರಲಿಲ್ಲ. ನಾನು ಕೇಳಿದ ಮೊದಲ ನಿಧಾನದ ಸ್ಯಾಕ್ಸೋಫೋನ್ ಬಹುಶಃ ಅದೇ.

ಆಮೇಲೆ ಟೆನರ್ ಸ್ಯಾಕ್ಸೋಫೋನಿನ ಬಲ್ಯಾಡ್‌ಗಳು ಸಿಕ್ಕಿದವು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಆಫೀಸ್ ಕ್ಯಾಬ್‌ನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಬಲ್ಯಾಡ್ ಅಂದರೆ ಜಾಸ್‌ನವರು ತುಂಬ ನಿಧಾನಕ್ಕೆ ನುಡಿಸುವ ಹಳೆಯ ಹಾಡುಗಳು. ಬಹಳಷ್ಟು 1930–40ರ ದಶಕದ ನಾಟಕ, ಸಿನಿಮಾಗಳ ಪ್ರೇಮಗೀತೆ. ನಮ್ಮ ಮಾತಲ್ಲಿ ಹೇಳುವುದಾದರೆ ಚೌಕ ಕಾಲ. ಮೆಟ್ರೋನೋಮ್ ನಿಮಿಷಕ್ಕೆ 60 ಸಲ ಹೊಡೆಯುತ್ತಿದ್ದರೆ ನಾಲ್ಕು ಆವರ್ತದ ಒಂದು ಸಾಲಿಗೆ 16 ಸೆಕೆಂಡ್ ಬೇಕು. ಆ 16 ಸೆಕೆಂಡ್‌ನಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ. ವೇಗವಾಗಿ ನುಡಿಸುವಾಗ ಹತ್ತರಲ್ಲಿ ಎರಡು ಸ್ವರ ಕೆಟ್ಟರೂ ಯಾರಿಗೂ ತಿಳಿಯಲ್ಲ. ಇಲ್ಲಿ ಮೂರೇ ಸ್ವರ ಇರೋದು, ಮೂರೂ ಎಲ್ಲರಿಗೂ ಕೇಳುತ್ತೆ.

ಟೆನರ್ ಯಾಕೆ ಅಂದರೆ, ಅದು ಮಾತಿಗೆ ಹತ್ತಿರ. ನಮ್ಮ ಕರಾವಳಿಯ ಮತ್ತು ಕರ್ನಾಟಕ ಸಂಗೀತದ ಸ್ಯಾಕ್ಸೋಫೋನ್ ಸಾಮಾನ್ಯವಾಗಿ ಆಲ್ಟೋ. ಟೆನರ್ ಅದಕ್ಕಿಂತ ದೊಡ್ಡದು, ನಾಲ್ಕು ಸ್ವರದಷ್ಟು ಕೆಳಗೆ, ಗಂಡಸು ರಾತ್ರಿ ಫೋನಿನಲ್ಲಿ ಸಣ್ಣಗೆ ಮಾತಾಡುವ ಸ್ಥಾಯಿಯಲ್ಲಿ ಇರುತ್ತದೆ. ಅದರ ರೀಡು ಅಗಲ, ಗಾಳಿ ಜಾಸ್ತಿ ಬೇಕು. ಕೆಳಗಿನ ಸ್ವರಗಳನ್ನು ಜೋರಾಗಿ ಊದೋದು ಸುಲಭ, ಕಾರಿನ ಹಾರ್ನ್ ಥರ ಬರುತ್ತೆ. ಸಣ್ಣಗೆ ಊದೋದಕ್ಕೆ ವರ್ಷಗಳು ಹಿಡಿಯುತ್ತವೆ. ದವಡೆ ಸ್ವಲ್ಪ ಇಳಿಸಿ, ತುಟಿಯ ಹಿಡಿತ ಸಡಿಲ ಮಾಡಿ, ಸ್ವರದ ಜೊತೆ ಉಸಿರೂ ಕೇಳಿಸೋ ಹಾಗೆ ನುಡಿಸುತ್ತಾರೆ. ಸಬ್‌ಟೋನ್ ಅಂತಾರೆ. ಇದರ ದೊಡ್ಡ ಮೇಷ್ಟ್ರು ಬೆನ್ ವೆಬ್‌ಸ್ಟರ್. 1940ರ ದಶಕದ ಶುರುವಿನಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿದ್ದವರು, 1973ರಲ್ಲಿ ತೀರಿಕೊಂಡರು. ಅವರು ಸ್ವರ ನಿಲ್ಲಿಸಿದ ಮೇಲೂ ಗಾಳಿ ಮಾತ್ರ ಸ್ವಲ್ಪ ಹೊತ್ತು ಬರ್ತಾ ಇರುತ್ತೆ. 1957ರ 'ಸೋಲ್‌ವಿಲ್' ಆಲ್ಬಮ್ಮನ್ನು ಒಳ್ಳೆ ಇಯರ್‌ಫೋನಿನಲ್ಲಿ ಕೇಳಿ. ಮೊದಲ ಸಲ ನನಗೆ ರೆಕಾರ್ಡಿಂಗ್ ಸರಿ ಇಲ್ಲ ಅನ್ನಿಸಿತ್ತು. ಪಕ್ಕದಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗೆ!

ಈ ದಾರಿ ತೆಗೆದವರು ಕೋಲ್‌ಮನ್ ಹಾಕಿನ್ಸ್. 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ 'ಬಾಡಿ ಆ್ಯಂಡ್ ಸೋಲ್' ರೆಕಾರ್ಡ್ ಮಾಡಿದರು. ಮೂರು ನಿಮಿಷದ ಡಿಸ್ಕು. ಹಾಡಿನ ಮೂಲ ಧಾಟಿಯನ್ನು ಶುರುವಿನಲ್ಲಿ ಒಂಚೂರು ತೋರಿಸಿ, ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಪೂರ್ತಿ ಮನೋಧರ್ಮ. ಆದರೂ ಅದು ಜನಕ್ಕೆ ಹಿಡಿಸಿತು, ಭರ್ಜರಿ ಮಾರಾಟವಾಯಿತು. ಒಪ್ಪಬೇಕಾದ ಮಾತು. ಆದರೆ ನನ್ನ ಮಟ್ಟಿಗೆ ಹಾಕಿನ್ಸ್ ಸ್ವಲ್ಪ ಜಾಸ್ತಿ ಮಾತಾಡ್ತಾರೆ. ಪ್ರತಿ ಮೂಲೆಯಲ್ಲೂ ಒಂದು ಬುದ್ಧಿವಂತಿಕೆ ಇಡ್ತಾರೆ. ನನಗೆ ವೆಬ್‌ಸ್ಟರ್ ಇಷ್ಟ. ಜಾನ್ ಕೋಲ್ಟ್ರೇನ್ ಅವರ 'ಬಲ್ಯಾಡ್ಸ್' ಇನ್ನೂ ಇಷ್ಟ. ಕೋಲ್ಟ್ರೇನ್ ಅಂದರೆ ಸ್ವರಗಳ ಜಲಪಾತ, ಇದು ಸಂಗೀತವೇ ಅಲ್ಲ ಅಂತ 1961ರ ಹೊತ್ತಿಗೆ ವಿಮರ್ಶಕರಿಂದ ಬೈಸಿಕೊಂಡವರು. ಅಂಥವರು 1963ರಲ್ಲಿ ಬಂದ ಈ ಆಲ್ಬಮ್‌ನಲ್ಲಿ ಹಾಡನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಊದಿ ಕೆಳಗಿಡುತ್ತಾರೆ. ಎಲ್ಲ ಗೊತ್ತಿದ್ದವರು ಸುಮ್ಮನಿರೋದಕ್ಕೂ ಏನೂ ಗೊತ್ತಿಲ್ಲದವರು ಸುಮ್ಮನಿರೋದಕ್ಕೂ ವ್ಯತ್ಯಾಸ ಇದೆಯಲ್ಲ, ಅದು ಅಲ್ಲಿ ಕೇಳಿಸುತ್ತದೆ.

ಸರಿ, ನಮ್ಮವರಿಗೆ ಬರೋಣ. ಕದ್ರಿ ಗೋಪಾಲನಾಥ್ ಹುಟ್ಟಿದ್ದು 1949ರಲ್ಲಿ, ನಮ್ಮ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರಿನಲ್ಲಿ ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ ಅದನ್ನೇ ಹಿಡಿದರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ ಕಲಿತರು. 1980ರಲ್ಲಿ ಮುಂಬೈಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್, 2004ರಲ್ಲಿ ಪದ್ಮಶ್ರೀ. ಇದೆಲ್ಲ ನಿಮಗೂ ಗೊತ್ತಿರಬಹುದು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಹಾಕಿನ್ಸ್ ಆ ರೆಕಾರ್ಡ್ ಮಾಡಿ ಸರಿಯಾಗಿ 80 ವರ್ಷ ಆದ ದಿನ. ಇದಕ್ಕೆ ಅರ್ಥ ಏನೂ ಇಲ್ಲ ಮಾರಾಯ್ರೆ, ಸುಮ್ಮನೆ ಹೇಳಿದೆ.

ಅವರು ಮಾಡಿದ ಕೆಲಸ ಎಷ್ಟು ಕಷ್ಟದ್ದು ಅಂತ ನನಗೆ ಗೊತ್ತಾಗಿದ್ದು ನಾನೇ ಒಂದು ಸೆಕೆಂಡ್‌ಹ್ಯಾಂಡ್ ಟೆನರ್ ತಗೊಂಡ ಮೇಲೆ. ಕೊಳಲಿನಲ್ಲಿ, ನಾಗಸ್ವರದಲ್ಲಿ ತೂತನ್ನು ಬೆರಳಿನಿಂದ ಅರ್ಧ ಮುಚ್ಚಬಹುದು, ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಸಂಬಂಧವೇ ಇಲ್ಲ, ಮಧ್ಯೆ ಒಂದು ಕೀಲಿ ಇದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ತಗೊಂಡಾಗ ಮಿಲಿಟರಿ ಬ್ಯಾಂಡಿನವರು ಮೆಚ್ಚಿದ್ದು, ಈ ವಾದ್ಯದಲ್ಲಿ ಸ್ವರಗಳು ಅಚ್ಚುಕಟ್ಟಾಗಿ ಬೇರೆಬೇರೆ ಬರುತ್ತವೆ, ಗಟ್ಟಿಯಾಗಿ ಬರುತ್ತವೆ ಅಂತ. ಅಂಥ ವಾದ್ಯದಿಂದ ಕಂಪಿತ, ಜಾರು ಹೊರಡಿಸೋದು ಅಂದರೆ ಎಲ್ಲವನ್ನೂ ತುಟಿ, ದವಡೆ, ಗಂಟಲಿನಲ್ಲಿ ಮಾಡಬೇಕು.

ಬಲ್ಯಾಡ್‌ಗೂ ನಮ್ಮ ಆಲಾಪನೆಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಹೀಗೆ. ನೀವು ಅಂತರ ಗಾಂಧಾರವನ್ನು ಹಿಡಿದು ನಿಂತಿದ್ದೀರಿ ಅಂದುಕೊಳ್ಳಿ. ಪಿಯಾನೋದವನು ಕೆಳಗೆ ಸ-ಗ-ಪ ಒತ್ತಿದಾಗ ಆ ಗಾಂಧಾರ ತವರಲ್ಲಿರೋ ಮಗಳ ಥರ ಆರಾಮಾಗಿರುತ್ತೆ. ಅವನು ಮ-ದ-ಸ ಒತ್ತಿದ ಕೂಡಲೇ ಅದೇ ಗಾಂಧಾರ ಹೊಸ ಸೊಸೆ. ಅದೇ ಹುಡುಗಿ, ಕೂರೋದು ಏಳೋದು ಬೇರೆ. ನೀವು ಏನೂ ಮಾಡಿಲ್ಲ, ಬರೀ ಹಿಡಿದುಕೊಂಡಿದ್ದೀರಿ, ನೆಲ ಕದಲಿತು. ರಾಗದಲ್ಲಿ ಉಲ್ಟಾ. ತಂಬೂರಿಯ ಷಡ್ಜ ಅಲ್ಲಾಡಲ್ಲ, ಹಾಗಾಗಿ ಸ್ವರವೇ ಅಲ್ಲಾಡಬೇಕು, ಗಮಕ ಬೇಕು. ಹಾಗಾಗಿ ವೆಬ್‌ಸ್ಟರ್ ಸುಮ್ಮನೆ ನಿಂತರೂ ಏನೋ ಆಗ್ತಾ ಇರುತ್ತೆ. ಕದ್ರಿ ಸುಮ್ಮನೆ ನಿಂತರೆ ಸಂಗೀತವೂ ನಿಲ್ಲುತ್ತೆ. ಜಾಸ್ ಕೇಳಿ ಬಂದವರು ಕರ್ನಾಟಕ ಸಂಗೀತದ ಸ್ಯಾಕ್ಸೋಫೋನನ್ನು 'ಒಂದೇ ಸಮ ಕೊರೆಯುತ್ತೆ' ಅಂತ ತಳ್ಳಿಹಾಕ್ತಾರಲ್ಲ, ಅವರು ಈ ಲೆಕ್ಕ ಹಾಕಿರಲ್ಲ.

ಇಷ್ಟು ಹೇಳಿಯೂ ನನಗೊಂದು ತಕರಾರಿದೆ. ಕದ್ರಿಯವರ ಕಛೇರಿ ರೆಕಾರ್ಡಿಂಗ್‌ಗಳಲ್ಲಿ ಚಪ್ಪಾಳೆ ಎಲ್ಲಿ ಬೀಳುತ್ತೆ ನೋಡಿ. ಕಲ್ಪನಾಸ್ವರ ಮೇಲಿನ ಕಾಲಕ್ಕೆ ಹೋದಾಗ, ಪಿಟೀಲಿನ ಕನ್ಯಾಕುಮಾರಿಯವರ ಜೊತೆ ಸವಾಲ್ ಜವಾಬ್ ಏರಿದಾಗ. ಕದನಕುತೂಹಲದ 'ರಘುವಂಶ ಸುಧಾ' ಶುರುವಾದರೆ ಜನಕ್ಕೆ ಖುಷಿ. ನನಗೂ ಖುಷಿಯೇ, ಮನೇಲಿ ಕ್ಯಾಸೆಟ್ ತೆಳುವಾಗೋವರೆಗೆ ಕೇಳಿದ್ದೇವೆ. ಆದರೆ ಅವರ ದೊಡ್ಡತನ ಇರೋದು ಅಲ್ಲಲ್ಲ, ಆಲಾಪನೆಯ ಮೊದಲ ಎರಡು ಮೂರು ನಿಮಿಷದಲ್ಲಿ ಅಂತ ನನ್ನ ವಾದ. ಮಂದ್ರದಲ್ಲಿ, ಇನ್ನೂ ಯಾರೂ ಸರಿಯಾಗಿ ಕೂತಿರದ ಹೊತ್ತಿನಲ್ಲಿ, ರಾಗ ಇದೇ ಅಂತ ಹೇಳಿಯೂ ಹೇಳದ ಹಾಗೆ ಒಂದು ಪ್ರಯೋಗ ಇಟ್ಟು ಸುಮ್ಮನಾಗ್ತಾರೆ. ಆಗ ಕೇಳಿಸೋದು ಥೇಟ್ ಮನುಷ್ಯನ ಗಂಟಲು. ಅದು ಬೇಗ ಮುಗಿದುಹೋಗುತ್ತೆ. ನಾವು ಚಪ್ಪಾಳೆ ಹೊಡೆದದ್ದು ವೇಗಕ್ಕೆ, ಅವರು ಕೊಟ್ಟಿದ್ದೂ ಅದನ್ನೇ. ವಾದ್ಯ ಪರದೇಶದ್ದು ಅಂತ ಮೂಗು ಮುರಿಯುವವರ ಎದುರು 'ಇದರಲ್ಲಿ ಎಲ್ಲವೂ ಬರುತ್ತೆ' ಅಂತ ಪ್ರತಿ ಸಲ ತೋರಿಸಬೇಕಾದ ಮನುಷ್ಯ ನಿಧಾನಕ್ಕೆ ನುಡಿಸೋ ಐಷಾರಾಮ ಎಲ್ಲಿಂದ ತರಬೇಕು? ವೆಬ್‌ಸ್ಟರ್‌ಗೆ ಆ ಪರೀಕ್ಷೆ ಇರಲಿಲ್ಲ. ಅವರು ಬೆಳೆದು ನಿಲ್ಲೋ ಹೊತ್ತಿಗೆ ಜಾಸ್‌ನಲ್ಲಿ ಟೆನರ್ ಮನೆಯವನೇ ಆಗಿಬಿಟ್ಟಿತ್ತು.

ವಿಚಿತ್ರ ಏನೆಂದರೆ ಕದ್ರಿಯವರ ನಿಧಾನವನ್ನು ಅತಿ ಹೆಚ್ಚು ಜನ ಕೇಳಿದ್ದು ಕಛೇರಿಯಲ್ಲಿ ಅಲ್ಲ, ಸಿನಿಮಾದಲ್ಲಿ. 1994ರ ಬಾಲಚಂದರ್ ಚಿತ್ರ 'ಡ್ಯುಯೆಟ್'. ಎ.ಆರ್. ರೆಹಮಾನ್ ಮುಂದೆ ರಾಗದ ಮೇಲೆ ರಾಗ ನುಡಿಸಿದರೂ ಅವರಿಗೆ ಬೇಕಾದದ್ದು ಸಿಗಲಿಲ್ಲ, ಕೊನೆಗೆ ಕಲ್ಯಾಣವಸಂತ ನುಡಿಸಿದಾಗ ಇದೇ ಅಂದರು ಅಂತ ಕದ್ರಿಯವರೇ ಹೇಳಿಕೊಂಡಿದ್ದರು. ಆ ಚಿತ್ರದಲ್ಲಿ ಅವರ ಸ್ಯಾಕ್ಸೋಫೋನಿನ ಕೆಳಗೆ ನೆಲವೂ ಕದಲುತ್ತೆ, ಮೇಲೆ ಸ್ವರವೂ ಅಲ್ಲಾಡುತ್ತೆ. ಬಲ್ಯಾಡ್ ಅಂತ ಹೆಸರಿಲ್ಲ, ಆದರೆ ಅದಕ್ಕೆ ಅಷ್ಟು ಹತ್ತಿರದ್ದು ನಮ್ಮಲ್ಲಿ ಬೇರೆ ಇಲ್ಲ.

ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ. ಅವರಿಗೆ ಕದ್ರಿ ಗೊತ್ತಾಗಿದ್ದು ಅಣ್ಣ ತಮಾಷೆಗೆಂದು ಕೊಟ್ಟ ಆಲ್ಬಮ್ಮಿನಿಂದ. ತಮಾಷೆ ತಿರುಗಿ ಬಿದ್ದು, 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಮಾಡಿದರು. ಒಳ್ಳೆಯ ಆಲ್ಬಮ್, ಬೆವರು ಕಿತ್ತು ಬರುವಷ್ಟು ಶಕ್ತಿ ಇದೆ. ಆದರೆ ಅಲ್ಲೂ ಇಬ್ಬರು ಆಲ್ಟೋದವರು ಓಟದ ಪಂದ್ಯಕ್ಕೇ ಹೆಚ್ಚು ಇಳಿದಿದ್ದಾರೆ. ಎರಡು ಊರಿನ ನಿಧಾನಗಳು ಒಂದೇ ರೂಮಿನಲ್ಲಿ ಕೂತಿದ್ದರೆ ಹೇಗಿರ್ತಿತ್ತು ಅಂತ ನನಗೆ ಇನ್ನೂ ಆಸೆ.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯ ಗುರುಗಳು ಒಂದೇ ಮಾತು ಹೇಳ್ತಾರೆ. ಟೆನರ್‌ನ ಇನ್ನೊಬ್ಬ ದೊಡ್ಡ ಮನುಷ್ಯ ಲೆಸ್ಟರ್ ಯಂಗ್, ಹಾಡಿನ ಸಾಹಿತ್ಯ ಗೊತ್ತಿಲ್ಲದೆ ಅದನ್ನು ನುಡಿಸಬಾರದು ಅನ್ನುತ್ತಿದ್ದರಂತೆ. ಡೆಕ್ಸ್‌ಟರ್ ಗಾರ್ಡನ್ ಸ್ಟೇಜಿನ ಮೇಲೆ ಮೊದಲು ಹಾಡಿನ ಸಾಲುಗಳನ್ನು ಬಾಯಲ್ಲಿ ಹೇಳಿ ಆಮೇಲೆ ಊದುತ್ತಿದ್ದರು. ನಮ್ಮಲ್ಲಿ ವೀಣೆಯವರಿಗೆ, ಕೊಳಲಿನವರಿಗೆ 'ಮೊದಲು ಹಾಡು, ಆಮೇಲೆ ನುಡಿಸು' ಅಂತಲೇ ಪಾಠ ಶುರು. ನನಗೆ ಕಲಿಸುವ ಮೇಷ್ಟ್ರೂ ಮೊದಲ ದಿನವೇ ವಾದ್ಯ ಕೆಳಗಿಡಿಸಿ, 'ಯಾವುದಾದ್ರೂ ಕನ್ನಡ ಹಾಡು ಹೇಳಿ, ನೀವು ಎಲ್ಲಿ ಉಸಿರು ತಗೋತೀರಿ ನೋಡೋಣ' ಅಂದಿದ್ದರು. ಬನಶಂಕರಿಯ ಆ ಕಲಾವಿದರಿಗೂ ಆ ಹಾಡುಗಳ ಸಾಹಿತ್ಯ ಖಂಡಿತ ಬಾಯಿಗೆ ಬರುತ್ತೆ. ಉಸಿರು ತಗೊಳ್ಳೋಕೆ ಟ್ರ್ಯಾಕ್ ಬಿಡಲ್ಲ. ಲ್ಯಾಪ್‌ಟಾಪಿನ ಪಿಯಾನೋ ಯಾರಿಗೂ ಕಾಯೋದಿಲ್ಲ. ವೆಬ್‌ಸ್ಟರ್ ಹಿಂದೆ ಆಸ್ಕರ್ ಪೀಟರ್‌ಸನ್ ಕಾಯ್ತಾರೆ.

ಬಿಟಿಎಂ ಎರಡನೇ ಹಂತದ ನನ್ನ ಬಾಡಿಗೆ ಮನೇಲಿ ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿ ಮುಚ್ಚಿ ಪ್ರಾಕ್ಟೀಸ್ ಮಾಡ್ತೀನಿ. ಮೊದಲ ವರ್ಷ ಕೆಳಗಿನ ಮನೆ ಓನರ್ ಆಂಟಿ ಎರಡು ಸಲ ಮೇಲೆ ಬಂದು ಹೋಗಿದ್ದರು. ಎರಡನೇ ಸಲ, ಯಾರಿಗಾದರೂ ಹುಷಾರಿಲ್ವಾ ಅಂತ ಕೇಳಿದರು. ಎರಡೂವರೆ ವರ್ಷದಿಂದ ಒಂದೇ ಬಲ್ಯಾಡ್ ಮೇಲೆ ಕೂತಿದ್ದೀನಿ. ಕೊನೆಯಲ್ಲಿ ಅತಿ ಕೆಳಗಿನ ಸ್ವರಕ್ಕೆ ಇಳಿದು, ಅದನ್ನು ಸಣ್ಣ ಮಾಡಿ, ಗಾಳಿ ಮಾತ್ರ ಉಳಿಸಿ ಮುಗಿಸಬೇಕು. ಹತ್ತರಲ್ಲಿ ಏಳು ಸಲ ಎಮ್ಮೆ ಕೂಗುತ್ತೆ.

ಹೋದ ವಾರ ನೀರಿನ ಬಿಲ್ ಕೊಡೋಕೆ ಬಂದಾಗ ಆಂಟಿ ಬಾಗಿಲಲ್ಲೇ ನಿಂತು, 'ಏನಪ್ಪಾ, ಊದೋದು ಬಿಟ್ಟುಬಿಟ್ರಾ? ಈಚೆಗೆ ಕೇಳಿಸ್ತಾನೇ ಇಲ್ಲ' ಅಂದರು. ಬಿಟ್ಟಿಲ್ಲ ಆಂಟಿ, ದಿನಾ ಊದ್ತೀನಿ ಅಂದೆ.