ಬಾಸೆಲ್ ಮಿಷನ್ನಿನವರ ಕನ್ನಡ ಕೃಷಿ: ಕೆಲವು ವಿಚಾರಗಳು

ಕ್ರೈಸ್ತ ಪಾದ್ರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಕುರಿತು ನಮ್ಮಲ್ಲಿ ಬಂದಿರುವ ಬರೆಹಗಳಲ್ಲಿ ಎರಡು ಬಗೆಯ ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಸಾವಿರಾರು ಮೈಲಿ ದೂರದಿಂದ ಬಂದು ನಮ್ಮ ನುಡಿಗಾಗಿ ಬಾಳು ಸವೆಸಿದ ಮಹನೀಯರೆಂಬ ಸ್ತುತಿ ಒಂದು. ಅವರು ಮಾಡಿದುದೆಲ್ಲ ಮತಾಂತರಕ್ಕಾಗಿ, ಆದುದರಿಂದ ಹೊಗಳಬೇಕಾದುದೇನೂ ಇಲ್ಲವೆಂಬ ನಿರಾಕರಣೆ ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಸ್ತುತಿಗಾಗಲಿ ನಿರಾಕರಣೆಗಾಗಲಿ ಅವರ ಪುಸ್ತಕಗಳನ್ನು ತೆರೆದು ನೋಡಬೇಕಾದ ಅಗತ್ಯವಿಲ್ಲ. ವಿಮರ್ಶೆಗೆ ಅದು ಅಗತ್ಯ. ಬೋಧಿಸುವ ಉದ್ದೇಶ ಅವರ ಕನ್ನಡದಲ್ಲಿ ಎಲ್ಲೆಲ್ಲಿ ಗುರುತು ಬಿಟ್ಟಿದೆ, ಎಲ್ಲಿ ಕೃತಿಯು ಆ ಉದ್ದೇಶವನ್ನು ಮೀರಿ ನಿಂತಿದೆ ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

1833ರ ಶಾಸನವು ಬ್ರಿಟಿಷರಲ್ಲದ ಪಾದ್ರಿಗಳಿಗೂ ಈ ದೇಶದ ಬಾಗಿಲನ್ನು ತೆರೆಯಿತು. ಮರುವರ್ಷವೇ ಸ್ವಿಟ್ಜರ್‌ಲೆಂಡಿನ ಬಾಸೆಲ್ ಸಂಸ್ಥೆಯಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ಸೇರಿದರು. ಆಮೇಲೆ ನಡೆದುದೆಲ್ಲ ತಿಳಿದ ಸಂಗತಿಯೇ: ಪಾಠಶಾಲೆಗಳು, 1841ರ ಕಲ್ಲಚ್ಚಿನ ಮುದ್ರಣಾಲಯ, ನೇಯ್ಗೆಯ ಮಗ್ಗಗಳು, 1865ರ ಹಂಚಿನ ಕಾರ್ಖಾನೆ. ಮಿಷನ್ನಿನ ಶಾಲೆಯ ಪರಿಚಯದಿಂದ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ತರುಣನು 1844ರಲ್ಲಿ ಕ್ರೈಸ್ತನಾದಾಗ ಊರಿನಲ್ಲಿ ಎದ್ದ ಕ್ಷೋಭೆಯನ್ನು ನೆನೆದರೆ, ಜನರ ಸಂಶಯ ನಿರಾಧಾರವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಉದ್ದೇಶವನ್ನು ಅವರು ಎಂದೂ ಮುಚ್ಚಿಟ್ಟವರಲ್ಲ.

ಆ ಉದ್ದೇಶಕ್ಕೆ ನೇರವಾಗಿ ದುಡಿದ ಗದ್ಯವನ್ನು ಮೊದಲು ನೋಡೋಣ. ಬೈಬಲಿನ ಭಾಷಾಂತರ, ಬೋಧನೆಯ ಕಿರುಹೊತ್ತಗೆಗಳು, ವೈಗಲ್ ಅವರು 1847ರಲ್ಲಿ ಕನ್ನಡಿಸಿದ ಬನ್ಯನ್ನನ ‘ಯಾತ್ರಿಕನ ಸಂಚಾರ’ ಇವೆಲ್ಲ ಆ ವರ್ಗಕ್ಕೆ ಸೇರತಕ್ಕವು. ‘ಪಾದ್ರಿ ಕನ್ನಡ’ ಎಂದು ಹಾಸ್ಯಮಾಡುವ ರೂಢಿ ನಮ್ಮಲ್ಲಿದೆ. ಅದರ ದೋಷವೇನೆಂದು ಬಿಡಿಸಿ ಹೇಳಿದವರು ಕಡಮೆ. ಕನ್ನಡ ವಾಕ್ಯದ ಸಹಜ ನಡೆಯಲ್ಲಿ ಕಾರಣವು ಮುಂದೆ, ಕಾರ್ಯವು ಹಿಂದೆ ಬರುತ್ತದೆ. ‘ಮಳೆ ಬಂದುದರಿಂದ ಹೋಗಲಿಲ್ಲ’ ಎಂಬುದು ನಮ್ಮ ರೀತಿ. ಪಾದ್ರಿಗಳ ಗದ್ಯದಲ್ಲಿ ಕಾರ್ಯವನ್ನು ಮೊದಲು ಹೇಳಿ, ‘ಯಾಕಂದರೆ’ ಎಂದು ತೊಡಗಿ ಕಾರಣವನ್ನು ಬಾಲದಂತೆ ಅಂಟಿಸುವುದು ಮತ್ತೆ ಮತ್ತೆ ಬರುತ್ತದೆ. ‘ಯಾವನು’ ಎಂದು ಹಿಡಿದು ‘ಅವನು’ ಎಂದು ಬಿಡುವ ವಾಕ್ಯಗಳೂ ಹೀಗೆಯೇ. ‘ಬಂದವನು’, ‘ಕೇಳಿದವನು’ ಎಂದರೆ ತೀರಿಹೋಗುವ ಕಡೆ ಎರಡು ಸರ್ವನಾಮಗಳು ಎದುರುಬದುರು ನಿಂತಿರುತ್ತವೆ. ಮೂಲದ ಒಂದು ಪದವೂ ಸ್ಥಳ ಬಿಟ್ಟು ಕದಲಬಾರದೆಂಬ ಭಕ್ತಿ ಇಲ್ಲಿ ಕಾಣುತ್ತದೆ. ಆ ಭಕ್ತಿಯನ್ನು ಗೌರವಿಸುತ್ತಲೇ ಅದರಿಂದ ಗದ್ಯಕ್ಕೆ ಒದಗಿದ ಬಿಗಿಪನ್ನು ಹೇಳಬೇಕಾಗುತ್ತದೆ. (ಇಂದಿನ ನಮ್ಮ ಪ್ರಬಂಧಗಳಲ್ಲಿ ಈ ಕಾರಣವಾಚಿಯ ಶಿಷ್ಟರೂಪ ಒಂದೆರಡು ಬಾರಿಯಾದರೂ ಬಾರದ ಪುಟ ಅಪೂರ್ವ, ಆದುದರಿಂದ ಹಾಸ್ಯಮಾಡುವವರು ತಮ್ಮ ಪುಟಗಳನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.)

ಪಾರಿಭಾಷಿಕ ಪದಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಹೊಸ ಮತಕ್ಕೆ ಹೊಸ ಮಾತು ಬೇಕಾಗಿತ್ತು. ಸಿಕ್ಕಿದುದು ಹಳೆಯ ಮತಗಳ ಮಾತು. ‘ದೀಕ್ಷಾಸ್ನಾನ’ ಎಂಬ ಪದವನ್ನು ಕೇಳಿದ ವೀರಶೈವನ ಮನಸ್ಸಿನಲ್ಲಿ ‘ದೀಕ್ಷೆ’ ಎಂಬುದು ಗುರುವಿನ ಹಸ್ತಮಸ್ತಕಸಂಯೋಗವನ್ನೂ ಇಷ್ಟಲಿಂಗವನ್ನೂ ನೆನಪಿಗೆ ತರದೆ ಇದ್ದೀತೆ? ‘ಭಕ್ತಿ’, ‘ಮೋಕ್ಷ’, ‘ಪಾಪ’ ಮೊದಲಾದ ಮಾತುಗಳದೂ ಇದೇ ಕಥೆ. ಶಬ್ದವನ್ನು ಕಡ ತರಬಹುದು. ಅದರ ಹಿಂದೆ ಬರುವ ನೆನಪುಗಳನ್ನು ಹೊರಗೇ ನಿಲ್ಲಿಸಲಾಗುವುದಿಲ್ಲ. ಕೇಳುವವರ ಮನಸ್ಸಿನಲ್ಲಿ ಈ ಮಾತುಗಳಿಗೆ ಏನರ್ಥವೆಂದು ತಿಳಿಯದೆ ಬೋಧನೆಯೇ ಸಾಧ್ಯವಿರಲಿಲ್ಲ. ಬೋಧಕರು ವಿದ್ಯಾರ್ಥಿಗಳಾದುದು ಇಲ್ಲಿಂದ ಎಂದು ನಮ್ಮ ಅಭಿಪ್ರಾಯ.

ಹೆರ್ಮನ್ ಮೋಗ್ಲಿಂಗ್ ಅವರ ಕೆಲಸ ಇದಕ್ಕೆ ಅತ್ಯುತ್ತಮ ನಿದರ್ಶನ. 1836ರಲ್ಲಿ ಬಂದ ಅವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಊರ ವರ್ತಮಾನ, ಸರಕಾರದ ಆಜ್ಞೆ, ಪರದೇಶದ ಸುದ್ದಿ ಇವುಗಳನ್ನು ಹೇಳಬೇಕಾದಾಗ ಕಾಪಾಡಬೇಕಾದ ಪವಿತ್ರ ಮೂಲವೊಂದು ಎದುರಿಗಿಲ್ಲದುದರಿಂದ, ವಾಕ್ಯವು ಓದುಗನ ಕಡೆಗೆ ಮುಖಮಾಡಬೇಕಾಯಿತು. ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಪತ್ರಿಕೆಗಿಂತ ಹೆಚ್ಚಿನದು ಅವರ ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆ. 1848ರಿಂದ 1853ರ ವರೆಗೆ, ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಅವರ ದ್ರವ್ಯಸಹಾಯದಿಂದ ಹೊರಟ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಬಂದುವು. ಇವುಗಳಲ್ಲಿ ಕ್ರೈಸ್ತಮತಕ್ಕೆ ಅನುಕೂಲವಾದುದು ಯಾವುದು? ಯಾವುದೂ ಇಲ್ಲ. ಜನರ ಮನಸ್ಸನ್ನು ಅರಿಯುವುದಕ್ಕೆ ಇವು ಬೇಕು ಎಂಬ ಸಮಾಧಾನವನ್ನು ಪಾದ್ರಿ ಹೇಳಿಕೊಳ್ಳಬಹುದು. ಆದರೆ ಅರಿಯುವುದಕ್ಕೆ ಓಲೆಗರಿಯ ಒಂದು ಪ್ರತಿ ಸಾಕಾಗಿತ್ತು. ಅಚ್ಚುಹಾಕಿ ನೂರಾರು ಕೈಗಳಿಗೆ ಮುಟ್ಟಿಸಬೇಕಾಗಿರಲಿಲ್ಲ. ಹಾಡುವವರ ಕಂಠದಲ್ಲಿಯೂ ಕೆಲವು ಮನೆಗಳ ಹಸ್ತಪ್ರತಿಗಳಲ್ಲಿಯೂ ಇದ್ದ ದಾಸರ ಪದಗಳು ಪುಸ್ತಕರೂಪವನ್ನು ಕಂಡುದು ಪಾದ್ರಿಯ ಕೈಯಿಂದ ಎಂಬುದು ನಮ್ಮ ಸಾಹಿತ್ಯ ಚರಿತ್ರೆಯ ವಿಚಿತ್ರಗಳಲ್ಲಿ ಒಂದು. ಜರ್ಮನಿಗೆ ಹಿಂದಿರುಗಿದ ಮೇಲೆ ಮೋಗ್ಲಿಂಗ್ ಅವರು ಕೆಲವು ಪದಗಳನ್ನು ತಮ್ಮ ತಾಯ್ನುಡಿಗೂ ತಿರುಗಿಸಿದರು. ಅಲ್ಲಿ ಮತಾಂತರಗೊಳಿಸಬೇಕಾದ ಕನ್ನಡಿಗರು ಯಾರೂ ಇರಲಿಲ್ಲ. ಆ ಪದಗಳು ಅವರಿಗೆ ಹಿಡಿಸಿದ್ದುವು ಎಂದಷ್ಟೇ ಹೇಳಿದರೆ ಸಾಕು.

ಫರ್ಡಿನಂಡ್ ಕಿಟ್ಟೆಲ್ ಅವರಲ್ಲಿ ಇದೇ ನಡೆ ಇನ್ನೂ ದೀರ್ಘವಾಗಿ ಕಾಣುತ್ತದೆ. 1853ರಲ್ಲಿ ಬಂದ ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಕ್ರಿಸ್ತನ ಚರಿತೆಯನ್ನು ನಮ್ಮ ಪದ್ಯರೂಪದಲ್ಲಿ ಹೇಳುವ ಪ್ರಯತ್ನ. ಕಾವ್ಯವಾಗಿ ಅದನ್ನು ಇಂದು ಓದುವವರಿಲ್ಲ. ಆದರೆ ಪದ್ಯ ಕಟ್ಟಲು ಪಟ್ಟ ಅಭ್ಯಾಸವೇ ಅವರನ್ನು 1872ರ ‘ಶಬ್ದಮಣಿದರ್ಪಣ’ಕ್ಕೂ 1875ರ ‘ಛಂದೋಂಬುಧಿ’ಗೂ ಕರೆದೊಯ್ದಿತೆಂದು ನಮಗೆ ತೋರುತ್ತದೆ. ತುದಿಯಲ್ಲಿ ನಿಂತಿರುವುದು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ಕೋಶ. ಸುಮಾರು 70,000 ಪದಗಳು, ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳು.

ಕೋಶದ ಗಾತ್ರವನ್ನು ಹೊಗಳುವವರೇ ಹೆಚ್ಚು. ನಾವು ಮೆಚ್ಚುವುದು ಅದರ ಪ್ರಾಮಾಣಿಕತೆಯನ್ನು. ಶಿಷ್ಟ ಗ್ರಂಥದ ಪ್ರಯೋಗದ ಪಕ್ಕದಲ್ಲಿಯೇ ಬೀದಿಯ ಗಾದೆಗೂ ಸಾಕ್ಷ್ಯದ ಪದವಿ ದೊರೆತಿದೆ. ತಮಿಳು, ತೆಲುಗು, ಮಲಯಾಳ, ತುಳುಗಳ ಸಜಾತಿ ರೂಪಗಳನ್ನು ಹತ್ತಿರವಿಟ್ಟು ತೋರಿಸಲಾಗಿದೆ. ಮುನ್ನುಡಿಯಲ್ಲಿ, ಸಂಸ್ಕೃತಕ್ಕೆ ದ್ರಾವಿಡದಿಂದ ಹೋಗಿರಬಹುದಾದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಅದರಲ್ಲಿ ಎಲ್ಲವೂ ನಿಲ್ಲಲಾರದು, ಆದರೂ ಪ್ರಶ್ನೆಯನ್ನು ಕೇಳಿದ ಧೈರ್ಯ ಸಣ್ಣದಲ್ಲ.

ಕೊರತೆಗಳೂ ಉಂಟು. ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಾದುದು 1898ರಲ್ಲಿ, ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ, ವಡ್ಡಾರಾಧನೆ 1949ರಲ್ಲಿ. ಹಳಗನ್ನಡದ ಸಿರಿಯ ದೊಡ್ಡ ಭಾಗ ಇನ್ನೂ ಬೆಳಕಿಗೆ ಬರುವ ಮೊದಲೇ ಕೋಶ ಮುಗಿದಿತ್ತು. ಇದು ಕಾಲದ ದೋಷ. ಕನ್ನಡದ ಪದಕ್ಕೆ ಅರ್ಥವನ್ನು ಇಂಗ್ಲಿಷಿನಲ್ಲಿ ಕೊಟ್ಟುದು ಮಾತ್ರ ಉದ್ದೇಶದ ಗುರುತು: ಕನ್ನಡವನ್ನು ಹೊರಗಿನಿಂದ ಕಲಿಯುವವನೇ ಈ ಕೋಶದ ಮೊದಲ ಓದುಗ. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ಕೆಲಸವನ್ನು ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ, 1970ರಿಂದ 1995ರ ವರೆಗೆ ನೆರವೇರಿಸಿತು. ಹೀಗಿದ್ದರೂ ಕಿಟ್ಟೆಲ್ ಕೋಶ ಬದಿಗೆ ಸರಿಯಲಿಲ್ಲ. 1968-71ರಲ್ಲಿ ಮರಿಯಪ್ಪ ಭಟ್ಟರ ಪರಿಷ್ಕರಣದಿಂದ ಮದರಾಸು ವಿಶ್ವವಿದ್ಯಾನಿಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಇನ್ನೊಂದು ಮಾತು ಉಳಿದಿದೆ. ಪಾದ್ರಿಗಳು ವಿದ್ಯಾರ್ಥಿಗಳಾದರೆಂದೆವು, ಕಲಿಸಿದವರು ಯಾರು? ಓಲೆಗರಿಯನ್ನು ಓದಿ ಪ್ರತಿಮಾಡಿದ ಪಂಡಿತ, ಉಚ್ಚಾರಣೆ ತಿದ್ದಿದ ಮುನ್ಷಿ, ಗಾದೆ ಹೇಳಿದ ಮುದುಕಿ, ಅನುವಾದದ ಮೊದಲ ಕರಡನ್ನು ಕೇಳಿ ತಲೆಯಾಡಿಸಿದ ಅಥವಾ ನಕ್ಕ ಶಿಷ್ಯ ಇವರಲ್ಲಿ ಬಹುಮಂದಿಯ ಹೆಸರು ಮುಖಪುಟದ ಮೇಲೆ ಇಲ್ಲ. ನಮ್ಮ ಸ್ತುತಿಲೇಖನಗಳೂ ಅವರನ್ನು ಕೇಳಿಲ್ಲ, ನಮ್ಮ ನಿರಾಕರಣೆಗಳಂತೂ ಅವರ ದುಡಿಮೆಯನ್ನು ಪಾದ್ರಿಗಳದರೊಂದಿಗೆ ಕಟ್ಟಿ ಹೊರಗೆ ಹಾಕಿವೆ. ಬಾಸೆಲಿನಲ್ಲಿಯೂ ಮಂಗಳೂರಿನಲ್ಲಿಯೂ ಮಿಷನ್ನಿನ ಕಾಗದಪತ್ರಗಳ ಸಂಗ್ರಹಗಳಿವೆ. ಜರ್ಮನ್ ಬಲ್ಲ ನಮ್ಮ ಸಂಶೋಧಕರು ಅವುಗಳಲ್ಲಿ ಮೋಗ್ಲಿಂಗ್, ಕಿಟ್ಟೆಲ್‌ರ ಮಾಹಿತಿಯನ್ನಲ್ಲದೆ ಈ ಗುರುಗಳ ಹೆಸರುಗಳನ್ನು ಮೊದಲು ಹುಡುಕಬೇಕೆಂದು ಕೇಳಿಕೊಳ್ಳುತ್ತೇವೆ.