ಸಾಕುವುದು, ‘ಸಾಕು’ ಅನ್ನುವುದು

ಚೈತ್ರ ಕಾಲಿಟ್ಟಿತೆಂದರೆ ನಮ್ಮ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಶೂ ಡಬ್ಬಗಳು ಬರತೊಡಗುತ್ತವೆ. ಮಳೆಗೆ ಮುಂಚೆ ತೆಂಗಿನ ಗರಿ ಕೀಳಿಸುವವರು, ಕರೆಂಟಿನ ತಂತಿಗೆ ತಾಗುವ ಕೊಂಬೆ ಕಡಿಸುವವರು, ಸುಣ್ಣ ಬಣ್ಣಕ್ಕೆಂದು ಸಜ್ಜದ ಮೇಲಿನ ಕಸ ಗುಡಿಸುವವರು, ಎಲ್ಲರ ಕೆಲಸವೂ ಗೂಡುಗಳಲ್ಲಿ ಮರಿಗಳಿರುವ ಹೊತ್ತಿಗೇ ಬೀಳುತ್ತದೆ. ಈ ವರ್ಷ ಅಂಥ ಒಂದು ಡಬ್ಬ ಬಂದದ್ದು ಮಾರ್ಚ್ ತಿಂಗಳ ಕೊನೆಯ ಭಾನುವಾರ. ತಂದವನು ಹನ್ನೊಂದು ಹನ್ನೆರಡರ ಹುಡುಗ. ಬಿಸಿಲಲ್ಲಿ ಸೈಕಲ್ ತುಳಿದು ಮುಖವೆಲ್ಲ ಕೆಂಪಾಗಿತ್ತು.

“ಅಂಕಲ್, ಬೇಗ ಹಾಲು ಕುಡಿಸಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ.”

ಮುಚ್ಚಳ ತೆಗೆದೆ. ಹಳೇ ಬನಿಯನ್ ಬಟ್ಟೆಯ ಮಡಿಕೆಯಲ್ಲಿ ಕಣ್ಣು ಬಿಡದ ಅಳಿಲು ಮರಿ. ಹೆಬ್ಬೆರಳಿಗಿಂತ ತುಸು ಉದ್ದ. ಬೆನ್ನಿನ ಮೂರು ಗೆರೆಗಳು ಪೆನ್ಸಿಲಿನಲ್ಲಿ ಎಳೆದಂತೆ ಆಗಲೇ ಮೂಡಿದ್ದವು. ಮುಟ್ಟಿದರೆ ತಣ್ಣಗೆ.

“ಈಗ ಹಾಲು ಬೇಡಪ್ಪ, ಬಿಸಿ ಬೇಕು,” ಅಂದೆ. ಹುಡುಗನಿಗೆ ನನ್ನ ಮೇಲೆ ಅನುಮಾನ ಬಂತು. ಬರಬೇಕಾದದ್ದೇ. ಹಸಿದವರಿಗೆ ಮೊದಲು ತುತ್ತು ಎಂದು ಬೆಳೆದವರು ನಾವು.

ಆದರೆ ಈ ಕೆಲಸದ ಮೊದಲ ಪಾಠವೇ ಅದು: ತಣ್ಣಗಾದ ಮರಿಯ ಹೊಟ್ಟೆಗೆ ಏನನ್ನೂ ಹಾಕಬಾರದು. ಮೈ ಆರಿದಾಗ ಕರುಳು ಕೆಲಸ ನಿಲ್ಲಿಸಿರುತ್ತದೆ. ಕುಡಿದ ಹಾಲು ಅಲ್ಲೇ ನಿಂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಬಿಸಿನೀರು ತುಂಬಿದ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಡಬ್ಬದ ಒಂದೇ ಬದಿಗಿಡಬೇಕು. ಬಿಸಿ ಹೆಚ್ಚಾದರೆ ಮರಿ ತೆವಳಿಕೊಂಡು ಇನ್ನೊಂದು ಬದಿಗೆ ಹೋಗಲು ಜಾಗವಿರಬೇಕು. ಮೈ ಬೆಚ್ಚಗಾದ ಮೇಲೆ ಕತ್ತಿನ ಹಿಂದಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡಬೇಕು. ತಟಕ್ಕನೆ ಮೊದಲಿನಂತಾದರೆ ಸರಿ. ಗೋಪುರದಂತೆ ನಿಂತೇ ಇದ್ದರೆ ಮೈಯಲ್ಲಿ ನೀರಿಲ್ಲ ಎಂದರ್ಥ. ಆಗ ಉಗುರುಬೆಚ್ಚಗಿನ ಓಆರ್‌ಎಸ್, ಸೂಜಿ ತೆಗೆದ ಒಂದು ಎಂಎಲ್ ಸಿರಿಂಜಿನಲ್ಲಿ, ಹನಿ ಹನಿಯಾಗಿ. ಅದೂ ಮರಿಯನ್ನು ಅಂಗಾತ ಮಲಗಿಸಿ ಅಲ್ಲ, ತಾಯಿಯ ಹೊಟ್ಟೆಗೆ ಆತುಕೊಂಡಿರುವ ಭಂಗಿಯಲ್ಲಿ. ಮೂಗಿನಲ್ಲಿ ಒಂದು ಗುಳ್ಳೆ ಕಂಡರೂ ನಿಲ್ಲಿಸಬೇಕು. ಗುಳ್ಳೆ ಬಂತೆಂದರೆ ಹನಿ ದಾರಿ ತಪ್ಪಿ ಶ್ವಾಸಕೋಶದ ಕಡೆ ಹೊರಟಿದೆ.

ಇಷ್ಟಾದ ಮೇಲೂ ಅರ್ಧ ಕೆಲಸ ಬಾಕಿ. ಕಣ್ಣು ಬಿಡದ ಅಳಿಲು ತಾನಾಗಿ ಉಚ್ಚೆ ಹೊಯ್ಯಲಾರದು. ತಾಯಿ ನೆಕ್ಕಿದರಷ್ಟೇ ಹೊಯ್ಯುತ್ತದೆ. ನಾವು ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಆ ನಾಲಿಗೆಯ ಕೆಲಸ ಮಾಡಬೇಕು. ಹುಡುಗ ಇದನ್ನೆಲ್ಲ ಬಾಯಿಬಿಟ್ಟುಕೊಂಡು ನೋಡಿದ.

ನಾನು ವೈದ್ಯನಲ್ಲ, ಭಾನುವಾರಗಳ ಕೈಯಾಳು. ಈ ಪಾಠವನ್ನು ಪುಸ್ತಕದಿಂದ ಕಲಿಯಲಿಲ್ಲ. ಆ ಹುಡುಗನ ವಯಸ್ಸಿನಲ್ಲಿ ನನಗೂ ಒಂದು ಅಳಿಲು ಮರಿ ಸಿಕ್ಕಿತ್ತು. ಇಂಕ್ ಫಿಲ್ಲರನ್ನು ತೊಳೆದು, ಅಮ್ಮ ಕಾಯಿಸಿಟ್ಟಿದ್ದ ಹಸುವಿನ ಹಾಲನ್ನು ಹೊಟ್ಟೆ ಬಿರಿಯುವಷ್ಟು ಕುಡಿಸಿದೆ. ಹಸುವಿನ ಹಾಲಿನ ಸಕ್ಕರೆ ಅಳಿಲಿನ ಎಳೇ ಕರುಳಿಗೆ ಒಗ್ಗುವುದಿಲ್ಲ, ಭೇದಿ ಹಿಡಿಯುತ್ತದೆ. ಎರಡನೆಯ ದಿನ ಬೆಳಗ್ಗೆ ಮರಿ ಸೆಟೆದಿತ್ತು. ಹಸಿವಿನಿಂದ ಸತ್ತಿತೆಂದು ಅತ್ತಿದ್ದೆ. ಅದು ಸತ್ತದ್ದು ನನ್ನ ಪ್ರೀತಿಯಿಂದ ಎಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಪೋಷಿಸು ಅನ್ನುವುದೂ ಅದೇ, ಇಷ್ಟಕ್ಕೆ ನಿಲ್ಲಿಸು ಅನ್ನುವುದೂ ಅದೇ. ಭಾಷಾಶಾಸ್ತ್ರಜ್ಞರು ಇದಕ್ಕೆ ಏನು ಹೇಳುತ್ತಾರೋ, ಕಾಡಿನ ಮರಿಗಳ ಆರೈಕೆಗೆ ಮಾತ್ರ ಎರಡೂ ಒಟ್ಟಿಗೇ ಬೇಕು.

ಮೊದಲ ‘ಸಾಕು’ ಹೇಳಬೇಕಾದದ್ದು ಎತ್ತಿಕೊಳ್ಳುವ ಆಸೆಗೆ. ನಮ್ಮಲ್ಲಿಗೆ ಬರುವ ‘ಅನಾಥ’ ಹಕ್ಕಿಮರಿಗಳಲ್ಲಿ ಎಷ್ಟೋ ಅನಾಥವೇ ಅಲ್ಲ. ಪಿಕಳಾರದ ಮರಿ ಹಾರಲು ಪೂರಾ ಕಲಿಯುವ ಮೊದಲೇ ಗೂಡು ಬಿಡುತ್ತದೆ. ಮೈತುಂಬ ಗರಿ, ಮೋಟು ಬಾಲ, ಬಾಯಂಚಿನಲ್ಲಿ ಇನ್ನೂ ಹಳದಿ. ನೆಲದಲ್ಲಿ, ಬೇಲಿಯಲ್ಲಿ ಕುಪ್ಪಳಿಸುತ್ತ ಒಂದೆರಡು ದಿನ ಕಳೆಯುತ್ತದೆ. ಅಪ್ಪ ಅಮ್ಮ ಇಳಿದು ಬಂದು ಉಣಿಸುತ್ತ, ಮೇಲಿನ ಕೊಂಬೆಯಿಂದ ನಮ್ಮನ್ನು ಬೈಯುತ್ತ ಇರುತ್ತವೆ. ಅದನ್ನು ‘ರಕ್ಷಿಸಿ’ ತರುವುದೆಂದರೆ ಶಾಲೆಗೆ ಹೊರಟ ಮಗುವನ್ನು ದಾರಿಯಿಂದ ಎತ್ತಿಕೊಂಡು ಬಂದಂತೆ. ಬೆಕ್ಕು ನಾಯಿಯನ್ನು ಒಂದು ಗಂಟೆ ಒಳಗೆ ಕಟ್ಟಿಹಾಕಿದರೆ ಅದೇ ದೊಡ್ಡ ಉಪಕಾರ. ಗರಿಯೇ ಮೂಡದ ಮರಿ ಬಿದ್ದಿದ್ದರೆ ಮಾತು ಬೇರೆ. ಕೈಗೆಟಕುವ ಗೂಡಾದರೆ ಅದರಲ್ಲೇ ವಾಪಸು ಇಡಬಹುದು. ಗೂಡೇ ಚೆಲ್ಲಾಪಿಲ್ಲಿಯಾಗಿದ್ದರೆ ಸಣ್ಣ ಬಿದಿರು ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಿದರೂ ನಡೆಯುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಒಲ್ಲದು ಎಂಬುದು ಹಿರಿಯರು ನಮ್ಮನ್ನು ಗೂಡಿನಿಂದ ದೂರ ಇಡಲು ಕಟ್ಟಿದ ಒಳ್ಳೆಯ ಸುಳ್ಳು.

ಬಾಯಾರಿದೆಯೆಂದು ಹಕ್ಕಿಯ ಕೊಕ್ಕು ತೆರೆದು ನೀರು ಸುರಿಯುವುದು ಇನ್ನೊಂದು ಮಾಮೂಲಿ ಅಪರಾಧ. ಹಕ್ಕಿಯ ಉಸಿರಿನ ಕಂಡಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಸುರಿದ ನೀರು ನೇರ ಅಲ್ಲಿಗಿಳಿಯುತ್ತದೆ. ಗಾಯಗೊಂಡ ಹಕ್ಕಿಗೆ ಮೊದಲ ಚಿಕಿತ್ಸೆ ಗಾಳಿತೂತುಗಳಿರುವ ರಟ್ಟಿನ ಡಬ್ಬ, ಕತ್ತಲೆ ಮತ್ತು ಸದ್ದಿಲ್ಲದ ಮೂಲೆ. ಅದರ ಲೆಕ್ಕದಲ್ಲಿ ನಾವು ಬೇಟೆಗಾರರು. ನಮ್ಮ ಸಾಂತ್ವನದ ಮಾತೂ ಅದಕ್ಕೆ ಗುರುಗುಟ್ಟಿದಂತೆಯೇ.

ಆಷಾಢದ ಗಾಳಿ ಎದ್ದರೆ ಡಬ್ಬಗಳ ಅಳತೆ ದೊಡ್ಡದಾಗುತ್ತದೆ. ಆಗ ಬರುವುದು ಗಾಳಿಪಟದ ದಾರಕ್ಕೆ ಸಿಕ್ಕಿದ ಹದ್ದುಗಳು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ನೈಲಾನ್ ಮಾಂಜಾ ದಾರವನ್ನು ದೇಶಾದ್ಯಂತ ನಿಷೇಧಿಸಿತು. ಮರದ ತುದಿಗಳಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ. ರೆಕ್ಕೆಯ ಮುಂಭಾಗದಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ತೆಳುವಾದ ಚರ್ಮದ ಪಟವೊಂದು ಬಿಗಿದುಕೊಂಡಿದೆ. ಅದರ ಅಂಚಿನಲ್ಲಿ ಒಂದು ಸ್ನಾಯುರಜ್ಜು. ದಾರ ಕೊಯ್ಯುವುದು ಅಲ್ಲೇ. ಮೂಳೆ ಮುರಿದರೆ ಕೂಡೀತು, ಆ ರಜ್ಜು ಪೂರಾ ತುಂಡಾದರೆ ಹಾರಾಟ ಮುಗಿದಂತೆ. ದೆಹಲಿಯ ವಜೀರಾಬಾದಿನಲ್ಲಿ ಇಂಥ ಹದ್ದುಗಳನ್ನು ಉಳಿಸುವುದನ್ನೇ ಬದುಕಾಗಿಸಿಕೊಂಡ ಸೋದರರ ಕತೆಯನ್ನು ಶೌನಕ್ ಸೇನ್ ಅವರ 2022ರ ಸಾಕ್ಷ್ಯಚಿತ್ರ ‘ಆಲ್ ದಟ್ ಬ್ರೀದ್ಸ್’ ಹೇಳುತ್ತದೆ. ಸ್ನಾಯು, ರಜ್ಜುಗಳ ಮೊದಲ ಪಾಠ ಅವರಿಗಾದದ್ದು ಹರೆಯದ ಅಂಗಸಾಧನೆಯಿಂದ. ಗರಡಿಯ ವಿದ್ಯೆ ಹದ್ದಿನ ರೆಕ್ಕೆಗೆ ಬಂದದ್ದು ನನಗೆ ಆ ಚಿತ್ರದಲ್ಲಿ ಬಹಳ ಹಿಡಿಸಿದ ಸಂಗತಿ.

ಚರ್ಮ ಕೂಡಿದರೂ ಗರಿ ಮುರಿದಿದ್ದರೆ ಹಕ್ಕಿ ಮುಂದಿನ ಗರಿ ಉದುರುವ ಕಾಲದವರೆಗೆ ಕೈದಿ. ಇದಕ್ಕೆ ಬೇಟೆಡೇಗೆ ಸಾಕುತ್ತಿದ್ದವರ ಹಳೆಯ ಉಪಾಯವೊಂದಿದೆ. ಮುರಿದ ಗರಿಯ ಟೊಳ್ಳು ಕಾಂಡಕ್ಕೆ ಸಣ್ಣ ಬಿದಿರು ಕಡ್ಡಿ ತೂರಿಸಿ, ಬೇರೆ ಹದ್ದು ಉದುರಿಸಿದ ಅದೇ ಸ್ಥಾನದ ಗರಿಯನ್ನು ಅಂಟಿಸುವುದು. ಮಾವಿಗೆ ಕಸಿ ಕಟ್ಟಿದ ಹಾಗೆಯೇ. ಅದಕ್ಕೇ ನಮ್ಮ ಕಪಾಟಿನಲ್ಲಿ ಔಷಧಿಯ ಪಕ್ಕ ಅಂಕಿ ಬರೆದ ಗರಿಗಳ ಕಟ್ಟುಗಳೂ ಇರುತ್ತವೆ.

ಈ ವಿದ್ಯೆಯೆಲ್ಲ ನಗರದ ಆಸ್ಪತ್ರೆಗಳದ್ದೆಂದು ನಾನು ಬಹಳ ಕಾಲ ತಿಳಿದಿದ್ದೆ. ಆ ಭ್ರಮೆ ಬಿಡಿಸಿದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಗೆ ಹತ್ತಿರದ ಊರು. ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡುತ್ತವೆ. ಊರವರ ಲೆಕ್ಕದಲ್ಲಿ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಅಂಗಳವೆಲ್ಲ ಹಿಕ್ಕೆ, ಮೀನಿನ ನಾತ, ಹುಣಸೆ ಫಸಲಿಗೆ ನಷ್ಟ. ಆದರೂ ಕಲ್ಲೆತ್ತಿದವರಿಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಹಕ್ಕಿಧಾಮವನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಹೆಜ್ಜಾರ್ಲೆಯ ಗೂಡೆಂದರೆ ಮರದ ನೆತ್ತಿಯ ಮೇಲೆ ಕಡ್ಡಿ ಹರಡಿದ ಜಗಲಿ. ಒಂದಕ್ಕೊಂದು ತಾಗಿಕೊಂಡೇ ಹತ್ತಾರು. ಮರಿಗಳು ಬೆಳೆದಂತೆ ನೂಕುನುಗ್ಗಲು. ಜೋರು ಗಾಳಿ ಬಂದರೆ ಒಂದೆರಡು ನೆಲಕ್ಕೆ. ಬಿದ್ದ ಮರಿಯನ್ನು ತಾಯಿ ಕೆಳಗಿಳಿದು ಉಣಿಸುವುದಿಲ್ಲ. ಹತ್ತಿ ಮೇಲಿಡೋಣವೆಂದರೆ ಗಾಬರಿಯಲ್ಲಿ ಇನ್ನಷ್ಟು ಮರಿಗಳು ಉರುಳುತ್ತವೆ. ಹಿಂದೆ ಅವು ನಾಯಿಪಾಲಾಗುತ್ತಿದ್ದವು. 1990ರ ದಶಕದ ನಡುವೆ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಒಡನಾಟದಲ್ಲಿ ಊರ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಗಳಿಗೊಂದು ಬೇಲಿಯ ಆವರಣ, ದಿನಾ ಮೀನು, ರೆಕ್ಕೆ ಬಲಿತ ಮೇಲೆ ಬಿಡುಗಡೆ. ಇಷ್ಟೇ ಅವರ ಶಾಸ್ತ್ರ.

ಇಷ್ಟೇ ಅಂದೆ. ಆದರೆ ಮೀನು ತಾಜಾ ಇರಬೇಕು. ಮಂಜುಗಡ್ಡೆಯಲ್ಲಿ ಬಹಳ ದಿನ ಇಟ್ಟದ್ದರಲ್ಲಿ ಬಿ1 ಜೀವಸತ್ವ ಕ್ಷೀಣಿಸಿ, ಅದನ್ನೇ ತಿಂದ ಹಕ್ಕಿಗೆ ನಡುಕ ಬರುತ್ತದೆ. ಮುಳ್ಳು ಮೂಳೆ ಸಮೇತ ಇಡೀ ಮೀನೇ ಬೇಕು. ಬರೀ ಮಾಂಸದ ತುಂಡಿನಲ್ಲಿ ಸುಣ್ಣದಂಶ ಸಾಲದೆ ಬೆಳೆಯುವ ಕಾಲು ಬಿಲ್ಲಾಗುತ್ತದೆ. ಎರಡು ಮೀಟರ್ ಮೀರಿ ಹರಡುವ ರೆಕ್ಕೆಯ ಹಕ್ಕಿಯ ಮರಿಗೆ ಹಸಿವೂ ಹಾಗೆಯೇ ಇರುತ್ತದೆ. ತಾಯಿಯ ಗಂಟಲಿಗೇ ತಲೆ ತೂರಿಸಿ ಉಂಡು ಬೆಳೆಯಬೇಕಾದದ್ದು ಇಲ್ಲಿ ಬೋಗುಣಿಗೆ ಕೊಕ್ಕು ಹಾಕಲು ಕಲಿಯಬೇಕು.

ಆ ಆವರಣದ ದೊಡ್ಡ ಗುಣ ಯಾವ ಆಸ್ಪತ್ರೆಯಲ್ಲೂ ಸಿಗದ್ದು. ಅಲ್ಲಿನ ಮರಿ ಒಂಟಿಯಲ್ಲ, ಜೊತೆಗೆ ತನ್ನಂಥವೇ ನಾಲ್ಕಾರು. ತಲೆಯೆತ್ತಿದರೆ ಕುಲವೆಲ್ಲ ಹುಣಸೆಯ ಮೇಲೇ ಕೂತಿದೆ. ಬಾತುಮರಿಗಳು ಹುಟ್ಟಿದೊಡನೆ ಕಂಡದ್ದನ್ನೇ ತಾಯಿಯೆಂದು ಅಚ್ಚೊತ್ತಿಕೊಳ್ಳುವುದನ್ನು ಕಾನ್ರಾಡ್ ಲೊರೆಂಜ್ ಅಧ್ಯಯನ ಮಾಡಿ ತೋರಿಸಿದರು. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ಸಿಕ್ಕಿತು. ಲೊರೆಂಜ್ ಅವರ ಹಿಂದೆ ಸಾಲಾಗಿ ನಡೆಯುವ ಬಾತುಗಳ ಚಿತ್ರ ನೋಡಿದರೆ ನಗು ಬರುತ್ತದೆ. ಮರಿ ಸಲಹುವವರಿಗೆ ಮಾತ್ರ ಅದು ಎಚ್ಚರಿಕೆಯ ಬೋರ್ಡು. ಮನುಷ್ಯನನ್ನೇ ತಾಯಿಯೆಂದುಕೊಂಡ ಹಕ್ಕಿ ಸಂಗಾತಿಯನ್ನೂ ಮನುಷ್ಯರಲ್ಲೇ ಹುಡುಕೀತು, ನಾಯಿಗೂ ಕಲ್ಲಿಗೂ ಹೆದರದೆ ಹೋದೀತು. ಅದಕ್ಕೇ ನಾವು ಮರಿಗಳಿಗೆ ಹೆಸರಿಡುವುದಿಲ್ಲ, ನಂಬರ್ ಇಡುತ್ತೇವೆ. ಉಣಿಸುವಾಗ ಮಾತಾಡುವುದಿಲ್ಲ. ಸಾಧ್ಯವಾದರೆ ಮುಖವನ್ನೂ ತೋರಿಸುವುದಿಲ್ಲ.

2023ರ ಮಾರ್ಚಿನಲ್ಲಿ ಉತ್ತರ ಪ್ರದೇಶದ ಅಮೇಥಿಯ ಯುವಕನೊಬ್ಬನ ಸಾರಸ ಕೊಕ್ಕರೆ ದೇಶವನ್ನೇ ಎರಡು ಪಾಳೆಯ ಮಾಡಿತ್ತು. ಕಾಲು ಮುರಿದು ಬಿದ್ದಿದ್ದ ಹಕ್ಕಿಯನ್ನು ಅವನು ಗುಣಪಡಿಸಿದ್ದ. ಅದು ಅವನ ಬೈಕಿನ ಹಿಂದೆ ಹಾರುತ್ತಿತ್ತು, ಅವನ ತಟ್ಟೆಯಿಂದ ತಿನ್ನುತ್ತಿತ್ತು. ಅರಣ್ಯ ಇಲಾಖೆ ಅದನ್ನು ಒಯ್ದಿತು, ಕೊನೆಗೆ ಹಕ್ಕಿ ಕಾನ್ಪುರದ ಮೃಗಾಲಯ ಸೇರಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 39ನೇ ಕಲಮಿನ ಪ್ರಕಾರ ಇಂಥ ಜೀವಿ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ಕಾನೂನು ಸರಿ, ಯುವಕನ ಕಣ್ಣೀರೂ ಸುಳ್ಳಲ್ಲ. ನನಗೆ ಕಾಡಿದ್ದು ಹಕ್ಕಿಯ ಪಾಡು. ಕಾಲು ಕೂಡಿದ ದಿನ ಯಾರಾದರೂ ಆ ಪ್ರೀತಿಗೆ ‘ಸಾಕು’ ಅನ್ನಬೇಕಿತ್ತು.

ಇದು ಬರೆದಷ್ಟು ಸುಲಭವಲ್ಲ. ಬಂದದ್ದೆಲ್ಲ ಬದುಕುವುದೂ ಇಲ್ಲ. ನಾಯಿ ಅಟ್ಟಿಸಿಕೊಂಡು ಬಂದ ಜಿಂಕೆ ಮೈಮೇಲೆ ಗೀರೂ ಇಲ್ಲದೆ ಮೂರನೆಯ ದಿನ ಸಾಯುವುದುಂಟು. ಓಟದ ಭಯಕ್ಕೇ ಅದರ ಸ್ನಾಯುಗಳು ಒಳಗೊಳಗೇ ಒಡೆದುಹೋಗಿರುತ್ತವೆ. ಎರಡೂ ರೆಕ್ಕೆ ಹೋದ ಹದ್ದಿಗೆ ವೈದ್ಯರು ಕೊಡುವ ಕೊನೆಯ ಚುಚ್ಚುಮದ್ದೂ ಆರೈಕೆಯೇ. ಆ ಸಂಜೆ ಯಾರೂ ಕಾಫಿಗೆ ನಿಲ್ಲುವುದಿಲ್ಲ.

ಓದುಗರಿಗೆ ನನ್ನ ಸಲಹೆ ಚಿಕ್ಕದು. ಡಬ್ಬ, ಬಿಸಿ, ಕತ್ತಲೆ, ಆಮೇಲೆ ಫೋನು. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ಬೆಂಗಳೂರಿನವರಿಗೆ ಕೆಂಗೇರಿ ಕಡೆ 1996ರಿಂದ ನಡೆಯುತ್ತಿರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಯೂಟ್ಯೂಬ್ ನೋಡಿ ಫಿಲ್ಲರ್ ಹಿಡಿಯಬೇಡಿ. ಹಿಡಿದವನ ಮಾತು ಕೇಳಿ.

ಆ ಹುಡುಗ ತಂದ ಅಳಿಲು, ಅಂದರೆ ನಮ್ಮ ಆರನೇ ನಂಬರು, ಏಪ್ರಿಲಿನಲ್ಲಿ ಕಣ್ಣು ಬಿಟ್ಟಿತು. ಆಮೇಲೆ ಬಂದ ಇನ್ನೆರಡು ಮರಿಗಳ ಜೊತೆ ಅದನ್ನು ಸೇರಿಸಿದೆವು. ಮೇ ಕೊನೆಗೆ ಶೇಂಗಾ ಸಿಪ್ಪೆ ಬಿಡಿಸುವುದರಲ್ಲಿ ಪಳಗಿತು. ಕೈ ಚಾಚಿದರೆ ಹತ್ತುವ ಬದಲು ಕಚ್ಚಿತು. ನಾವು ಖುಷಿಪಟ್ಟೆವು. ಜೂನಿನಲ್ಲಿ ಮೂರನ್ನೂ ಮಲಗಿದ್ದ ಪೆಟ್ಟಿಗೆಯ ಸಮೇತ ಮಾವಿನ ಮರಕ್ಕೆ ಕಟ್ಟಿ ಬಾಗಿಲು ತೆಗೆದಿಟ್ಟೆವು. ರಾತ್ರಿ ಬಂದು ಮಲಗುತ್ತಿದ್ದವು, ಬೆಳಗ್ಗೆ ಪೆಟ್ಟಿಗೆಯ ಶೇಂಗಾ ಖಾಲಿ. ಹುಡುಗ ಪ್ರತಿ ಭಾನುವಾರ ಬರುತ್ತಿದ್ದ, ದೂರ ನಿಂತು ನೋಡುತ್ತಿದ್ದ.

ಮೊನ್ನೆ ಬಂದವನು ಏಣಿ ಹತ್ತಿ ಪೆಟ್ಟಿಗೆಗೆ ಇಣುಕಿ ಪೆಚ್ಚಾದ. “ಅಂಕಲ್, ಹೋದ ವಾರ ಹಾಕಿದ್ದ ಶೇಂಗಾ ಹಾಗೇ ಇದೆ. ಇರುವೆ ಮುತ್ತಿದೆ.”

“ಸರಿ, ಇನ್ಮೇಲೆ ಹಾಕೋದು ಸಾಕು,” ಅಂದೆ.

ಅವನು ಪೆಟ್ಟಿಗೆಯನ್ನು ಕೊಡವಿ ಶೇಂಗಾ ನೆಲಕ್ಕೆ ಚೆಲ್ಲಿದ. ಮೇಲಿನ ಕೊಂಬೆಗಳಲ್ಲೆಲ್ಲೋ ಯಾವುದೋ ಅಳಿಲು ಚಿಕ್‌ಚಿಕ್ ಎಂದು ಬೈಯುತ್ತಿತ್ತು. ನಮ್ಮ ಆರನೇ ನಂಬರೋ ಬೇರೆಯದೋ, ಇಬ್ಬರಿಗೂ ಗುರುತು ಸಿಗಲಿಲ್ಲ.