ವಾಲುವ ಹೊಸ ಪಿಕಪ್: ಎರಡು ಅರೆ ಉತ್ತರಗಳು

ಟೊಯೋಟಾ ಕಂಪನಿಯ ಟಾಕೋಮಾ ಪಿಕಪ್ ಟ್ರಕ್ ಚಾಲಕನ ಬದಿಗೆ ತುಸು ವಾಲಿಕೊಂಡಿರುತ್ತದೆ ಎಂಬ ದೂರು ಅಮೆರಿಕದಲ್ಲಿ ಹಳೆಯದು. ಮಾಲೀಕರು ಅದಕ್ಕೆ 'ಟಾಕೊ ಲೀನ್' ಎಂದು ಹೆಸರನ್ನೇ ಇಟ್ಟಿದ್ದಾರೆ. ಹೊಸ ಗಾಡಿ ಕೊಂಡವರು ಟೇಪು ಹಿಡಿದು ನೆಲದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುತ್ತಾರೆ. ಎಡಬದಿ ಕಾಲು ಅಥವಾ ಅರ್ಧ ಅಂಗುಲ ತಗ್ಗಿರುತ್ತದೆ. ಸ್ಪ್ರಿಂಗ್ ಕೆಟ್ಟಿದೆ ಎಂದು ಕೊಂಡವರು ಹೇಳುತ್ತಾರೆ; ಅಳತೆ ಮಿತಿಯೊಳಗೇ ಇದೆ ಎಂಬುದು ಇಂಥ ದೂರುಗಳಿಗೆ ಸಿಗುವ ಸಿದ್ಧ ಉತ್ತರ. ಭೌತವಿಜ್ಞಾನದ ದೃಷ್ಟಿಯಲ್ಲಿ ಎರಡೂ ಅರೆ ಉತ್ತರಗಳು.

ಖಾಲಿ ಪಿಕಪ್‌ನ ಹಿಂಬದಿ ಎತ್ತರವಾಗಿರುವುದು ದೋಷವಲ್ಲ. ಹೊರೆ ಬಿದ್ದಾಗ ತಗ್ಗಲೆಂದೇ ಅದನ್ನು ಹಾಗೆ ಇಟ್ಟಿರುತ್ತಾರೆ. ಪ್ರಶ್ನೆ ಇರುವುದು ಎಡ-ಬಲಗಳ ವ್ಯತ್ಯಾಸದಲ್ಲಿ.

ಒಂದು ಅಂದಾಜು ಲೆಕ್ಕ ಹಾಕೋಣ. 2005ರಿಂದ 2023ರವರೆಗಿನ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕು ಎಡಗಡೆ, ಚಾಲಕನ ಬದಿಯಲ್ಲೇ ಇದೆ. ಅದು ಸುಮಾರು 80 ಲೀಟರ್ ಹಿಡಿಯುತ್ತದೆ. ಅಂದರೆ 60 ಕಿಲೋಗ್ರಾಂ ಪೆಟ್ರೋಲ್. ಚಾಲಕ 75 ಕಿಲೋಗ್ರಾಂ ಇರಲಿ. ಇಬ್ಬರ ಭಾರವೂ ಗಾಡಿಯ ನಡುಗೆರೆಯಿಂದ 40 ಸೆಂ.ಮೀ. ಆಚೆ ಬೀಳುತ್ತದೆಂದು ಭಾವಿಸಿದರೆ, ವಾಲಿಸುವ ಟಾರ್ಕ್ ಸುಮಾರು 530 ನ್ಯೂಟನ್-ಮೀಟರ್. ಗಾಡಿಯನ್ನು ವಾಲಿಸಲು ರೇಡಿಯನ್ನಿಗೆ 80,000 ನ್ಯೂಟನ್-ಮೀಟರ್ ಬೇಕೆಂದೂ ಎಡ-ಬಲ ಚಕ್ರಗಳ ಅಂತರ 1.6 ಮೀಟರ್ ಎಂದೂ ಇಟ್ಟುಕೊಳ್ಳಿ. ಎಡ-ಬಲಗಳ ವ್ಯತ್ಯಾಸ 10ರಿಂದ 11 ಮಿ.ಮೀ. ಬರುತ್ತದೆ. ಚಾಲಕ ಇಳಿದರೆ ಉಳಿಯುವುದು 5 ಮಿ.ಮೀ.ಗೂ ಕಡಿಮೆ.

ಹಾಗಾದರೆ ಕಾಲು ಅಂಗುಲದ ವಾಲಿಕೆಗೆ ಹೆಚ್ಚೇನೂ ಹುಡುಕಬೇಕಾಗಿಲ್ಲ. ಆದರೆ ಯಾರೂ ಕುಳಿತಿಲ್ಲದ ಗಾಡಿ 20 ಮಿ.ಮೀ. ವಾಲಿದ್ದರೆ ಟ್ಯಾಂಕಿನ ಮೇಲೆ ಹೊರಿಸಿ ಸುಮ್ಮನಾಗುವಂತಿಲ್ಲ. ಟ್ಯಾಂಕು ತುಂಬಿತ್ತೇ, ಒಳಗೆ ಯಾರಾದರೂ ಇದ್ದರೇ ಎಂಬುದನ್ನು ಹೇಳದೆ 'ಮಿತಿಯೊಳಗಿದೆ' ಎನ್ನುವುದು ಉಷ್ಣತೆ ಹೇಳದೆ ಅನಿಲದ ಒತ್ತಡ ಹೇಳಿದಂತೆ.

ಕೊಂಡವರ ಅಳತೆಯೂ ಅಷ್ಟೇ ಸಡಿಲ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ನೆಲದ ತಗ್ಗೂ ಲೆಕ್ಕದೊಳಗೆ ಸೇರಿಬಿಡುತ್ತವೆ. ಚಕ್ರದ ನಡುವಿನಿಂದ ಅಳೆದರೆ ಟೈರಿನ ಕಾಟ ತಪ್ಪುತ್ತದೆ. ಜ್ಯಾಕ್ ಹಾಕಿ ಇಳಿಸಿದ ಕೂಡಲೇ ಅಳೆಯುವುದಂತೂ ವ್ಯರ್ಥ. ಹಿಂದಿನ ಲೀಫ್ ಸ್ಪ್ರಿಂಗಿನ ಪಟ್ಟಿಗಳ ನಡುವೆ ಘರ್ಷಣೆ ಇರುವುದರಿಂದ ಅದು ಏರುವಾಗ ಒಂದು ಎತ್ತರದಲ್ಲಿ, ಇಳಿಯುವಾಗ ಇನ್ನೊಂದರಲ್ಲಿ ನಿಲ್ಲುತ್ತದೆ. ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಮೂಲೆಗಳನ್ನು ಅದುಮಿ ಬಿಟ್ಟ ಮೇಲೆ ಅಳೆಯಬೇಕು. ಸ್ಪ್ರಿಂಗ್ ಸರಿಯಿದ್ದೂ ಎತ್ತರ ತಪ್ಪುವ ಇನ್ನೊಂದು ಕಾರಣವಿದೆ. ಮುಂದಿನ ತೋಳುಗಳ ರಬ್ಬರ್ ಬುಷ್‌ಗಳನ್ನು ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡು ಆ ಮೂಲೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ರೂಢಿಯ ಪರಿಹಾರವೆಂದರೆ ಎಡ ಮುಂಭಾಗದ ಸ್ಪ್ರಿಂಗಿನ ಮೇಲೆ ಕಾಲು ಅಂಗುಲದ ಬಿಲ್ಲೆ ಕೂರಿಸುವುದು. ಸ್ಪ್ರಿಂಗ್ ನಿಂತಿರುವುದು ತೋಳಿನ ಸುಮಾರು ಮಧ್ಯದಲ್ಲಿ. ಸನ್ನೆಕೋಲಿನ ಲೆಕ್ಕದಂತೆ 6 ಮಿ.ಮೀ. ಬಿಲ್ಲೆಯಿಂದ ಆ ಮೂಲೆ 12 ಮಿ.ಮೀ. ಏರಲು ಹೊರಡುತ್ತದೆ. ಅರ್ಧ ಅಂಗುಲ ತಗ್ಗಿದೆಯೆಂದು ಅರ್ಧ ಅಂಗುಲದ ಬಿಲ್ಲೆ ತಂದವರು ಗಾಡಿಯನ್ನು ಬಲಕ್ಕೆ ವಾಲಿಸಿ ಬರುತ್ತಾರೆ! ಬಿಲ್ಲೆಯಿಂದ ಎತ್ತರ ಸರಿಹೋದರೂ ಭಾರದ ಹಂಚಿಕೆ ಬದಲಾಗುತ್ತದೆ. ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚಿ, ಉಳಿದೆರಡರ ಮೇಲೆ ಇಳಿಯುತ್ತದೆ. ಖಾಲಿ ಪಿಕಪ್‌ನ ಹಿಂಬದಿ ಮೊದಲೇ ಹಗುರ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಹಗುರಾದ ಚಕ್ರದ ಹಿಡಿತವೇ ಮೊದಲು ತಪ್ಪುವುದು. ಸೂಕ್ತ ಬಿಲ್ಲೆಯಿಂದ ಈ ಬದಲಾವಣೆ ಚಿಕ್ಕದು, ನಿಜ. ಆದರೆ ಕಾರಣ ತಿಳಿಯದೆ ಬಿಲ್ಲೆಯ ಮೇಲೆ ಬಿಲ್ಲೆ ಇಡುವವರಿಗೆ ಅದು ಕಣ್ಣಿಗೆ ಕಾಣುವುದಿಲ್ಲ.

ಇದನ್ನು ತರಗತಿಯಲ್ಲೇ ನೋಡಬಹುದು. ನಮ್ಮ ಪ್ರಯೋಗಾಲಯಗಳಲ್ಲಿ ಹುಕ್‌ನ ನಿಯಮ ಸ್ಟ್ಯಾಂಡಿಗೆ ತೂಗಿಸಿದ ಒಂದೇ ಸ್ಪ್ರಿಂಗಿನೊಂದಿಗೆ ಮುಗಿದುಹೋಗುತ್ತದೆ. ಒಂದೇ ಹಲಗೆಯನ್ನು ಹೊತ್ತ ನಾಲ್ಕು ಸ್ಪ್ರಿಂಗುಗಳು ಒಂದಕ್ಕೊಂದು ಏನು ಮಾಡುತ್ತವೆಂಬುದು ಪಾಠದೊಳಗೆ ಬರುವುದೇ ಇಲ್ಲ. ಬಾಗದ ಆಯತದ ಹಲಗೆಯ ನಾಲ್ಕು ಮೂಲೆಗಳಿಗೆ ಒಂದೇ ತೆರನ ಸ್ಪ್ರಿಂಗುಗಳನ್ನು ಇಟ್ಟು, ಸಮನಾಗಿ ಭಾರ ಹೇರಿ, ಒಂದರ ಕೆಳಗೆ 8 ಮಿ.ಮೀ. ದಪ್ಪದ ತುಂಡು ಸೇರಿಸಿ. ಆ ಮೂಲೆ ಏರುವುದು 8 ಅಲ್ಲ, 6 ಮಿ.ಮೀ. ಮಾತ್ರ. ಅದೂ ಅದರ ಕರ್ಣದ ತುದಿಯ ಸ್ಪ್ರಿಂಗೂ ತಲಾ 2 ಮಿ.ಮೀ. ಹೆಚ್ಚು ಕುಗ್ಗುತ್ತವೆ, ಉಳಿದೆರಡು ಅಷ್ಟೇ ಹಿಗ್ಗುತ್ತವೆ.